ಕೇಳಿದಾಗ ಗುಂಡಿ ಒತ್ತಿ

ಶಕ್ತಿನಗರದ ನಮ್ಮ ಆರೋಗ್ಯ ಕೇಂದ್ರದಲ್ಲಿ
ಗೋದ್ರೇಜ್ ಬೀರುವಿಗಿಂತ ತುಸುವೇ ದೊಡ್ಡದೊಂದು ಕೋಣೆ.
ಒಳಗೆ ಕುರ್ಚಿ, ಹೆಡ್‌ಫೋನು, ವಯರಿಗೆ ಕಟ್ಟಿದ ಗುಂಡಿ,
ನನ್ನ ಕಡೆಗೆ ಅಂಗೈಯಗಲ ಗಾಜು.
ಇಡೀ ಸ್ಥಾವರದಲ್ಲಿ ಸದ್ದಿಲ್ಲದ ಜಾಗ ಇದೊಂದೇ.
ರಾತ್ರಿ ಪಾಳಿ ಮುಗಿಸಿ ಬಂದವರು ಕೂತೊಡನೆ ನಿದ್ದೆ ಹೋಗುತ್ತಾರೆ.
ಎರಡು ನಿಮಿಷ ಎಬ್ಬಿಸುವುದಿಲ್ಲ ನಾನು.

"ಕೇಳಿದಾಗ ಗುಂಡಿ ಒತ್ತಿ."
ಹದಿನಾಲ್ಕು ವರ್ಷದಿಂದ ಇದೇ ಮಾತು.
ಮನೆಯಲ್ಲಿ ಮಗನಿಗೂ ಒಮ್ಮೆ ಬಾಯ್ತಪ್ಪಿ ಹೇಳಿದ್ದೆ.

ಮೌಲಾಸಾಬರು ಮಿಲ್ ವಿಭಾಗದ ಫಿಟ್ಟರು.
ಕಲ್ಲಿದ್ದಲನ್ನು ಗಂಧದಷ್ಟು ನುಣ್ಣಗೆ ಅರೆಯುವ ಯಂತ್ರಗಳ ನಡುವೆ
ಮೂವತ್ತೊಂದು ವರ್ಷ.
ಸರಳಿನ ಒಂದು ತುದಿ ಬೇರಿಂಗಿಗೆ, ಇನ್ನೊಂದು ಕಿವಿಯ ಮುಂದಿನ ಎಲುಬಿಗೆ.
"ಇದಕ್ಕ ಇನ್ನ ಹನ್ನೊಂದು ದಿನ ಅದ" ಅಂದರೆ
ಹನ್ನೆರಡನೆಯ ದಿನ ಆ ಮಿಲ್ಲು ಓಡಿಸುವ ಎಂಜಿನಿಯರು ಇನ್ನೂ ಹುಟ್ಟಿಲ್ಲ.
ಅವರ ಗ್ರಾಫು ಪ್ರತಿ ವರ್ಷ
ಎಡದಂಡೆ ಕಾಲುವೆಯಷ್ಟು ನೆಟ್ಟಗೆ.
ಇಪ್ಪತ್ತರ ಹುಡುಗರದೂ ಅಷ್ಟು ನೆಟ್ಟಗಿರುವುದಿಲ್ಲ.

ಈ ಸಲ ಯಾಕೋ ಕಂಡಿತು.
ಅವರ ಕಣ್ಣು ಗಾಜಿನಾಚೆ ನನ್ನ ಹೆಗಲ ಮೇಲೆ.
ನಾನು ಸದ್ದು ಕಳಿಸಲಿಲ್ಲ. ಹೆಗಲು ಮಾತ್ರ ಅಲುಗಿಸಿದೆ.
ಅವರು ಗುಂಡಿ ಒತ್ತಿದರು.

ಕುರ್ಚಿಯನ್ನು ಗೋಡೆಗೆ ಮುಖ ಮಾಡಿಸಿ ಮತ್ತೆ ಮೊದಲಿಂದ.
ಒಂದು ಮಾತೂ ಆಡದೆ ಕೂತರು, ಕ್ಷೌರಕ್ಕೆ ಕೂತವರ ಹಾಗೆ.
ಸಣ್ಣ ಸ್ವರ ಹೋಯಿತು, ದೊಡ್ಡದು ಹೋಯಿತು,
ಹೆಬ್ಬೆರಳು ಸುಮ್ಮನಿತ್ತು.
ಒತ್ತದ ಗುಂಡಿಗಳೆಲ್ಲ ಸೇರಿ
ಗ್ರಾಫಿನ ಬಲಗಡೆ ಒಂದೇ ದೊಡ್ಡ ಗುಂಡಿ.

ಹೊರಗೆ ಯೋಗಕ್ಷೇಮ ಸಪ್ತಾಹದ ಬ್ಯಾನರು ಇನ್ನೂ ಇಳಿಸಿರಲಿಲ್ಲ.
ಬದಾಮಿ ಹಾಲು, ಪ್ರಾಣಾಯಾಮ, ತಲೆಗೊಂದು ಸ್ಟೀಲ್ ಬಾಟಲಿ.
"ಬರೀಬ್ಯಾಡ ಸಿಸ್ಟರ್" ಅಂದರು. "ಮಿಲ್ ಬಿಡಿಸ್ತಾರ."

ಹಾಗಾದರೆ ಆ ಹನ್ನೊಂದು ದಿನ? ಕಳೆದ ತಿಂಗಳೂ ಹೇಳಿದ್ದರಲ್ಲ?

ಅದಕ್ಕೆ ಉತ್ತರ ಹುಲಿಗೆಮ್ಮನ ಹತ್ತಿರ ಇತ್ತು.
ಸಿಂಧನೂರಿನ ಐಟಿಐ ಮುಗಿಸಿ ಬಂದವಳು, ಹತ್ತೊಂಬತ್ತು,
ಹೆಲ್ಮೆಟ್ಟಿನೊಳಗೆ ಜಡೆ ಸೇರಿಸಲು ಬೆಳಿಗ್ಗೆ ಐದು ನಿಮಿಷ ಜಗಳ.
ಒಂದೂವರೆ ವರ್ಷದಿಂದ ದಿನಾ ಅವಳ ಕೈಗೆ ಸರಳು ಕೊಟ್ಟು
"ಏನಂತದ?" ಅನ್ನುತ್ತಿದ್ದರಂತೆ.
ಮೊದಮೊದಲು ಬರೀ ಗರ್ರ್ ಅಂತದ್ರಿ ಅನ್ನುತ್ತಿದ್ದಳು.
ಆಮೇಲೆ, ಜೋಳದ ತೆನೆ ತಿಕ್ಕಿದಂಗ.
ಆಮೇಲೆ, ಹಲ್ಲಾಗ ಉಸುಕು ಸಿಕ್ಕಂಗ, ಬಲಗಡೆ, ಕೆಳಗ.
ಅವರು ಕಣ್ಣು ಮುಚ್ಚಿ ಕೇಳಿ, ದಿನ ಎಣಿಸುತ್ತಿದ್ದರು.

"ನನ್ನ ಪರೀಕ್ಷೆ ತಗೋತಾರ ಅನ್ಕೊಂಡಿದ್ದೆ ಸಿಸ್ಟರ್" ಅಂದಳು,
"ಅವರು ಖರೇನ ಕೇಳ್ತಿದ್ದರು."

ನಾನು ಬರೆದೆ.
ಇದ್ದದ್ದನ್ನು ಇದ್ದ ಹಾಗೆ, ನೀಲಿ ಶಾಯಿಯಲ್ಲಿ.
ಕೆಳಗೆ, ಯಾರೂ ಓದದ ಷರಾ ಕಾಲಮ್ಮಿನಲ್ಲಿ, ಇನ್ನೊಂದು ಸಾಲು:
ಇವರಿಂದ ಕಲಿಯುವವರು ಇನ್ನೂ ಇದ್ದಾರೆ.
ಡಾಕ್ಟರು ಓದಿದರೋ ಇಲ್ಲವೋ, ಸಹಿ ಹಾಕಿದರು.

ಮಿಲ್ಲು ಬಿಡಿಸಿದರು. ಭತ್ಯೆ ಹೋಯಿತು.
ತರಬೇತಿ ಶೆಡ್ಡಿನಲ್ಲಿ ಒಂದು ಮೇಜು, ಒಂಬತ್ತು ಹುಡುಗರು, ಮೂರು ಹುಡುಗಿಯರು,
ಬಿಚ್ಚಿಟ್ಟ ಹಳೆಯ ಬೇರಿಂಗುಗಳ ಗುಡ್ಡೆ.
ನಾಲ್ಕು ತಿಂಗಳು ನನ್ನ ಜೊತೆ ಮಾತಿಲ್ಲ.
ರಂಜಾನಿಗೆ ಸುರಕುಂಬಾ ಡಬ್ಬಿ ಮಾತ್ರ ಬಂತು, ಹುಲಿಗೆಮ್ಮನ ಕೈಯಲ್ಲಿ.

ಅವತ್ತೇ ಅವಳ ಕಿವಿ ನೋಡಿದೆ.
ಎಲೆಯೊಂದು ನೆಲಕ್ಕೆ ಬಿದ್ದರೂ ಒತ್ತಿಯಾಳು.
ಮುಚ್ಚಳ ಕೊಡಹೋದರೆ ಜೇಬಿನಿಂದ ತನ್ನದೇ ತೆಗೆದು ತೋರಿಸಿದಳು.
ಶೆಡ್ಡಿನ ಮೊದಲ ಪಾಠ ಅದೇ ಅಂತೆ:
"ಸರಳು ಹಿಡದಾಗಷ್ಟ ತಗೀರಿ.
ಉಳಿದಂಗ ಆ ಕಿವಿ ನಿಮ್ಮವಲ್ಲ.
ಇನ್ನ ನಲವತ್ತು ವರ್ಷಕ್ಕ ನೀವು ಆಗೋ ಮುದುಕರದ್ದು."

ನಿನ್ನೆ ಕ್ಯಾಂಟೀನಿನ ಹತ್ತಿರ ಹಿಂದಿನಿಂದ ಕರೆದೆ.
ತಿರುಗಲಿಲ್ಲ.
ಸಿಟ್ಟು ಅಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದವಳು
ನಾನು, ನಾನೇ, ಆ ಗ್ರಾಫು ಬರೆದವಳು.

ಓಡಿಹೋಗಿ ಎದುರಿಗೆ ನಿಂತೆ.
"ಚಹಾ ಆತೇನ್ರಿ?"