ಮೂರನೇ ಹಲಗೆ

ಶಿಡ್ಲಘಟ್ಟದಲ್ಲಿ ಕರೆಂಟು ಹೋದಾಗ
ಕತ್ತಲಾಗದ ಅಂಗಡಿ ನನ್ನದು.
ಬ್ಯಾಟರಿ ಮಾರುವವನೇ ಮೇಣದಬತ್ತಿ ಹಚ್ಚಿದರೆ
ಗಿರಾಕಿ ಬರುತ್ತಾನೆಯೇ?
ಅದಕ್ಕೇ ಯಂತ್ರ ನನ್ನಲ್ಲಿರಲಿ ಎಂದಾಯಿತು.

ಯಂತ್ರವೆಂದರೆ ದೊಡ್ಡದೇನಲ್ಲ,
ನಸ್ರೀನಳ ತಮ್ಮ ಡಿಪ್ಲೊಮಾ ಮುಗಿಸಿದ ಲ್ಯಾಪ್‌ಟಾಪು.
ಪರದೆ ಸೀಳಿದೆ, ಒಂದು ಕೀಲಿ ಉದುರಿದೆ,
ಫ್ಯಾನು ಉಬ್ಬಸದವರ ಹಾಗೆ
ಎಳೆದೆಳೆದು ಉಸಿರಾಡುತ್ತದೆ.

ಶುರುವಾದದ್ದು ಹಾಗಲಕಾಯಿಯಿಂದ.
ಅಪ್ಪನ ಸಕ್ಕರೆ ಮುನ್ನೂರು ದಾಟಿತೆಂದು
ಅಮ್ಜದ್ ನಮ್ಮ ಆರು ಜನರ ಗುಂಪಿಗೆ ಬರೆದ ರಾತ್ರಿಯೇ
ಪಿಳ್ಳಪ್ಪನ ಫೋನಿನಲ್ಲಿ ಹಾಗಲಪುಡಿಯ ಜಾಹೀರಾತು.
ಕಾಕತಾಳೀಯ, ಅಂದಳು ಸುಗುಣ, ಟೀಚರ್ ದನಿಯಲ್ಲಿ.
ಇರಬಹುದು.
ಕಾಗೆ ದಿನಾ ಅದೇ ಹೊತ್ತಿಗೆ ಬಂದು
ಅದೇ ಗರಿಯ ಮೇಲೆ ಕೂತರೆ?

ಒಲೆ ಆರಿದ ಮೇಲೆ
ಅಮ್ಜದನ ರೀಲಿಂಗ್ ಷೆಡ್ಡಿನಲ್ಲಿ ಸೇರಿದೆವು.
ಬೆಂದ ಹುಳದ ವಾಸನೆ ನಮಗೆ ವಾಸನೆಯೇ ಅಲ್ಲ.
ಬೈರೆಡ್ಡಿ ಸೊಪ್ಪಿನ ಗಾಡಿ ಹೊರಗೆ ನಿಲ್ಲಿಸಿ
ಪೊಟ್ಟಣದ ತುಂಬ ಹುರಿದ ಕಡಲೆಕಾಯಿ ತಂದಿದ್ದ.

ಮೂರು ದಾರಿ, ಅಂದಳು ನಸ್ರೀನ್,
ತಮ್ಮ ಬರೆದುಕೊಟ್ಟ ಚೀಟಿ ಬಿಡಿಸಿ.
ಒಂದು ಪುಕ್ಕಟೆ, ಆದರೆ ಅದರ ಯಂತ್ರ
ಯಾವ ದೇಶದಲ್ಲಿದೆಯೋ ಅವನಿಗೂ ಗೊತ್ತಿಲ್ಲ.
ಇನ್ನೊಂದು ಹಗುರ, ನಮ್ಮ ಉಬ್ಬಸದ ಪೆಟ್ಟಿಗೆಗೆ ತಕ್ಕದ್ದು,
ಆದರೆ ಮಾತಿಗೆ ಬೀಗವಿಲ್ಲ:
ಯಂತ್ರ ಇಟ್ಟುಕೊಂಡವನು ಮನಸ್ಸು ಮಾಡಿದರೆ
ಎಲ್ಲರದನ್ನೂ ಓದಬಹುದು.
ಮೂರನೆಯದಕ್ಕೆ ಬೀಗವಿದೆ. ಹೊಟ್ಟೆಯೂ ದೊಡ್ಡದು,
ಮೆಮೊರಿ ಎರಡರಷ್ಟು ಬೇಡುತ್ತದೆ.

ಹಗುರದ್ದೇ ಸಾಕು ಬಿಡ್ರಪ್ಪ, ಅಂದ ಬೈರೆಡ್ಡಿ,
ಇಟ್ಕೊಂಡಿರೋನು ಮನ ದ್ಯಾವಪ್ಪನೇ ಕದಾ.
ಎಲ್ಲರೂ ತಲೆಯಾಡಿಸಿದರು.
ಸುಗುಣ ಎಲ್ಲರಿಗಿಂತ ಮೊದಲು.

ಎಂಟನೇ ಕ್ಲಾಸಿನಲ್ಲಿ ಇದೇ ಸುಗುಣ
ಟಪ್ಪಾಲಿಗೆ ಹಾಕು ಎಂದು ನನ್ನ ಕೈಗೆ ಕೊಟ್ಟ
ನೀಲಿ ಕಾಗದವನ್ನು
ಇದೇ ಷೆಡ್ಡಿನ, ಅಮ್ಜದನ ಅಪ್ಪ ಕಾಯಿಸಿಟ್ಟ
ಬಟ್ಟಲ ಆವಿಗೆ ಹಿಡಿದು
ಬಿಡಿಸಿ, ಓದಿ,
ಅನ್ನದ ಅಗುಳಲ್ಲಿ ಮತ್ತೆ ಅಂಟಿಸಿ ಡಬ್ಬಿಗೆ ಹಾಕಿದ್ದೆ.
ಅದರಲ್ಲಿ ನನ್ನ ಹೆಸರಿರಲಿಲ್ಲ.
ಅಕ್ಕನಿಗೆ ಅವಳು ಬರೆದ ಒಂದು ಸಾಲು
ಇಪ್ಪತ್ತಾರು ವರ್ಷದಿಂದ ಬಾಯಿಪಾಠ.
ಇಲ್ಲೂ ಬರೆಯಲಾರೆ.

ಬೇಡ, ಅಂದೆ.
ನನಗೂ ತೆಗೆಯಲಾಗದ ಬೀಗ ಬೇಕು.
ದನಿ ಬೇಕಾದ್ದಕ್ಕಿಂತ ಜೋರಾಯಿತು.
ಯಾಕೋ? ಅಂದಳು ಸುಗುಣ.
ಅಂಗೈಯ ಸಿಪ್ಪೆ ಊದುತ್ತ ಕೂತೆ.

ತಲೆಗೆ ಮುನ್ನೂರು ಹಾಕಿ ಮೆಮೊರಿ ತಂದೆವು.
ಹೆಸರು ಗೂಡು ಅಂತಿಡೋಣ, ಅಂದಳು ನಸ್ರೀನ್.
ಅಮ್ಜದ್ ನಕ್ಕ, ಹದಿನಾರು ಬಟ್ಟಲು ಕುದಿಸುವವನು:
ನಮ್ಮೂರಲ್ಲಿ ಗೂಡು ಕಟ್ಟಿಕೊಂಡವರ ಗತಿ
ನನ್ನ ಕೇಳು.
ಹಾಗಾಗಿ ಹೆಸರು ಅದು ಕೂತ ಜಾಗದ್ದೇ ಆಯಿತು.
ಡಿಸ್ಟಿಲ್ಡ್ ವಾಟರ್ ಕ್ಯಾನುಗಳ ಪಕ್ಕ, ಮೂರನೇ ಹಲಗೆ.

ಎರಡನೇ ವಾರಕ್ಕೆ ಪಿಳ್ಳಪ್ಪ ಗುಪ್ತಪದ ಮರೆತ.
ಹಳೇ ಮಾತೆಲ್ಲ?
ಹೋಯ್ತು.
ನೀನೂ ತೆಗೆಯೋಕಾಗಲ್ವಾ?
ಆಗಲ್ಲ, ಅಂದೆ. ಎಷ್ಟು ಖುಷಿಯಿಂದ ಅಂದೆನೆಂದರೆ
ಅವನು ಎರಡು ದಿನ ಮಾತು ಬಿಟ್ಟ.
ಮೂರನೇ ದಿನ ಬಂದ:
ಸರಿ, ಎಲ್ಲ ಮೊದಲಿಂದ ಹೇಳಿ.
ಕನ್ನಡ ತೆಲುಗು ಉರ್ದು ಒಂದೇ ಬಾಣಲೆಗೆ ಬಿದ್ದು
ಬೆಳಗಾಗುವವರೆಗೂ ಹೇಳಿದೆವು.

ಬೀಗ ಎಲ್ಲವನ್ನೂ ಮುಚ್ಚುವುದಿಲ್ಲ.
ಯಾರು ಯಾವಾಗ ಬಾಗಿಲು ಬಡಿದರೆಂದು
ಯಂತ್ರ ಗೆರೆ ಹಾಕಿಡುತ್ತದೆ.
ರಾತ್ರಿ ಎರಡಕ್ಕೆ ಸುಗುಣ ಎಚ್ಚರ.
ಎರಡೂ ಹತ್ತಕ್ಕೆ ನಸ್ರೀನ್, ಆಸ್ಪತ್ರೆಯ ಪಾಳಿಯಿಂದ.
ಏನೆಂದರೋ ತಿಳಿಯದು.
ತಿಳಿಯದಿರುವುದು ಇಷ್ಟು ಹಗುರವೆಂದು
ನನಗೆ ಗೊತ್ತಿರಲಿಲ್ಲ.

ಒಮ್ಮೆ ಅವಳೊಬ್ಬಳಿಗೇ ಬರೆಯತೊಡಗಿದೆ:
ಆ ನೀಲಿ ಕಾಗದ
ಅಷ್ಟರಲ್ಲಿ ಬೆಸ್ಕಾಂ ಕರೆಂಟು ತೆಗೆಯಿತು.
ನನ್ನ ಅಂಗಡಿಯಲ್ಲಿ ಅದು ನೆಪವಾಗುವುದಿಲ್ಲ.

ಹಸಿರು ದೀಪ ಮಿಣುಕುತ್ತಲೇ ಇತ್ತು.
ಕ್ಯಾನಿನ ಮುಚ್ಚಳ ಬಿಗಿ ಮಾಡಿ
ಷಟರ್ ಅರ್ಧಕ್ಕೆ ಎಳೆದು
ಆ ಮೂರು ಪದ ಅಲ್ಲೇ ಬಿಟ್ಟು
ಟೀ ಕುಡಿಯಲು ಹೋದೆ.