ಪಾರ್ಕಿಂಗ್ ಚೀಟಿ

ರವಿವಾರ, ಮಂಗಳವಾರ ಸಂಜಿ ಆರಕ್ಕ
ಸಾಲ್ಮಿಯಾದ ಈ ಕಟ್ಟಡದ ಮುಂದ ಗಾಡಿ ನಿಲ್ಲಸ್ತೀನಿ.
ಮಿಶಾರಿ ಇಳದು ಒಳಗ ಹೋಗ್ತಾನ.
ಲಿಫ್ಟಿನ ಬಾಗಲಾ ಮುಚ್ಚತಾವ,
ನಾಕು ಅಂತ ಹಸರ ಅಂಕಿ ಹತ್ತತೈತಿ.
ಆ ಮಾಳಿಗಿ ನನಗ ಗೊತ್ತಿರೂದು ಅಷ್ಟ.

ಅಲ್ಲಿ ದುಂಡಗ ಕುರ್ಚಿ ಹಾಕಿರ್ತಾರಂತ.
ಯಾರೂ ಯಾರನ್ನೂ ಬೈಯಂಗಿಲ್ಲಂತ.
ಏಲಕ್ಕಿ ಕಾಫಿ, ಖರ್ಜೂರ. ಒಬ್ಬ ಡಾಕ್ಟರು
ಬರೇ ಕೇಳಾಕ ಪಗಾರ ತಗೋತಾನಂತ.
ಬರೇ ಕೇಳಾಕ!
ನಮ್ಮವ್ವ ಇದ್ದಿದ್ರ ಬಿದ್ದು ಬಿದ್ದು ನಗ್ತಿದ್ಲು.

ನಾನೂ ಮಲಗಿ ಎದ್ದಾಂವನ.
ಹೋದ ಚಳಿಗಾಲ, ಸರಕಾರಿ ದವಾಖಾನಿ, ಆರು ದಿನ.
ಮಂಚದ ಕಬ್ಬಿಣಾ ನನ್ನ ಕೈಗೂಡ ನಡಗತಿತ್ತು.
ಜಲೀಬಿನ ಸಂದಿಯಾಗ ನೀರಿನ ಬಾಟ್ಲಿಯೊಳಗ ಮಾರೂದು
ನೀರಲ್ಲ ಅಂತ ಎಲ್ಲಾರಿಗೂ ಗೊತ್ತು.
ಕೋಟ್ಟಯಂ ನರ್ಸಮ್ಮ ಕಾಗದದ ಮ್ಯಾಲ
‘ಹೊಟ್ಟಿ ಹುಣ್ಣು’ ಅಂತ ಬರದು
ಕಿವಿಯಾಗ ಹೇಳಿದ್ಲು:
ನೆತ್ತರದಾಗಿಂದು ನಾವು ತಗದೀವಿ,
ಉಳದದ್ದಕ್ಕ ಸಾಲ್ಮಿಯಾಕ ಹೋಗು, ನಾಕನೇ ಮಾಳಿಗಿ.

ಕೆಳಗಿನ ಕೌಂಟರಿಗೆ ಹೋಗಿದ್ದೆ.
ಕಾಜಿನ ಹಿಂದಿನ ಹುಡುಗಿ ಒಳ್ಳೆಯಾಕಿನ.
ಕಫೀಲನ ಪತ್ರ ಬೇಕು ಅಂದ್ಲು.
ಕಫೀಲ ಅಂದ್ರ ಮಿಶಾರಿಯ ಅಪ್ಪ.
ನಿಮ್ಮ ಮಗನ್ನ ಕರಕೊಂಡು ಹೋಗೂ ಕೈ
ನಡಗತಿತ್ತು ಅಂತ ನಾನ ಬರಕೊಡ್ಲ್ಯಾ?
ಪಾಸ್‌ಪೋರ್ಟು, ಇಕಾಮಾ, ಊರ ಟಿಕೀಟು,
ಮೂರೂ ಅವರ ಒಂದ ಡ್ರಾವರಿನ್ಯಾಗ ಅದಾವ.

ಅದಕ್ಕ ಕೆಳಗ ಕೂಡ್ತೀನಿ.
ಏಸಿ ಹಚ್ಚಂಗಿಲ್ಲ, ಪೆಟ್ರೋಲ್ ಲೆಕ್ಕ ಕೇಳ್ತಾರ.
ಸ್ಟೀರಿಂಗು ಕಾದ ಹಂಚು.

ಹೊಳ್ಳಿ ಬರಬೇಕಾದ್ರ ಮಿಶಾರಿ ಹಿಂದಿನ ಸೀಟಿನ್ಯಾಗ
ಅವತ್ತಿನ ಪಾಠ ಒಪ್ಪಸ್ತಾನ, ಗ್ವಾಡಿಗೆ ಹೇಳಿದಂಗ:
ಹಳೇ ಓಣಿಗೆ ಹೋಗಬ್ಯಾಡ.
ಹಸದು ಕೂಡಬ್ಯಾಡ.
ಬೇಕು ಅನ್ನೂದು ಸಮುದ್ರದ ತೆರಿ ಇದ್ದಂಗ,
ಇಪ್ಪತ್ತು ನಿಮಿಷ ತಡಿ, ಇಳಿತೈತಿ.
ನಾ ಲೇನ್ ಬದಲಸ್ಕೋತ ಬಾಯಿಪಾಠ ಮಾಡ್ತೀನಿ.
ಐದನೇ ರಿಂಗ್ ರೋಡು ಹಿಡದು ಮನೀತನಾ
ಸಿಗ್ನಲ್ ಸೇರಿ ಸರಿಯಾಗಿ ಇಪ್ಪತ್ತು ನಿಮಿಷ.

ಒಂದು ಪಾಠ ಮಾತ್ರ ಅರ್ಧ ಕೇಳಿತು, ಅವಂಗ ಫೋನ್ ಬಂತು.
ಮನ್ಯಾವರ ಹತ್ರ ಮಾಫಿ ಕೇಳೂದು ಹೆಂಗ, ಅದಿತ್ತು.
ಉಳದದ್ದು ಏನು ಅಂತ ಕೇಳಾಕ ಬಾಯಿ ಬರಲಿಲ್ಲ.
ಇವತ್ತಿಗೂ ತಾಳಿಕೋಟಿಗೆ ಫೋನ್ ಹಚ್ಚಿ,
ಆಕಿ ಹಲೋ ಅಂದಮ್ಯಾಲ
ನಾ ಅರ್ಧಕ್ಕ ನಿಲ್ಲತೀನಿ.

ಮೊನ್ನಿ ಅವಂಗ ತೊಂಬತ್ತು ದಿನದ ಬಿಲ್ಲಿ ಕೊಟ್ರು, ಹಿತ್ತಾಳಿದು.
ಕನ್ನಡಿಯಾಗ ಹಿಡದು ತೋರಿಸಿ, ನೋಡು ದಾವಲ್, ಅಂದ.
ಮಬ್ರೂಕ್ ಅಂದೆ. ಖರೇನ ಖುಷಿಯಾಗಿತ್ತು.

ರಾತ್ರಿ ಖೋಲ್ಯಾಗ ರಬ್ಬರು ಬಿಚ್ಚಿ
ಪಾರ್ಕಿಂಗ್ ಚೀಟಿ ಎಲ್ಲಾ ಹಾಸಿಗಿ ಮ್ಯಾಲ ಹರವಿದೆ.
ಒಂದೊಂದರ ಬೆನ್ನಿಗೂ ನಂದೊಂದು ಅಂಕಿ ಐತಿ.
ಹೊಸಾದರ ಬೆನ್ನಿಗೆ ತೊಂಬತ್ನಾಕು.

ಲೆಕ್ಕದಂಗ ಈ ಚೀಟಿ ಮನೀಗೆ ಕೊಡಬೇಕು.
ಕಳದೂವು ಅಂತ ಹೇಳ್ತೀನಿ.
ಒಂದಕ್ಕ ಐದುನೂರು ಫಿಲ್ಸು
ನನ್ನ ಪಗಾರದಾಗ ಮುರಕೋತಾರ.