ಅಂಚು ಕತ್ತರಿಸದ ಪುಸ್ತಕ

ಗ್ರಂಥಾಲಯದಿಂದ ನನ್ನಲ್ಲಿಗೆ ಪುಸ್ತಕ ಬರುವುದು ಗೋಣಿಚೀಲದಲ್ಲಿ.
ದುರ್ಗಿಗುಡಿಯ ಅಡ್ಡರಸ್ತೆ, ಮೇಲೆ ಟೈಪಿಂಗ್ ಕ್ಲಾಸು,
ಕೆಳಗೆ ನಾನು, ಮೈದಾ ಅಂಟು, ಮೈಲುತುತ್ತದ ಡಬ್ಬಿ.
ಮೂವತ್ತೊಂದು ವರ್ಷದಲ್ಲಿ ಕಲಿತದ್ದು ಇಷ್ಟೇ:
ಯಾರೂ ಓದದ ಪುಸ್ತಕ
ಬೆನ್ನು ನೆಟ್ಟಗಿಟ್ಟುಕೊಂಡೇ ಸಾಯುತ್ತದೆ.

ಈ ಹಕ್ಕಿ ಪುಸ್ತಕ ಹಾಗಲ್ಲ.
ಬೆನ್ನು ಮುರಿದು, ಮೈಯೆಲ್ಲ ಕೆಸರಾಗಿ,
ಎಲ್ಲೋ ಬಿದ್ದೆದ್ದು ಮನೆಗೆ ಬಂದ ಹುಡುಗನ ಹಾಗೆ ಬಂತು.
"ಬಿಸಾಕೋದೇ ವಾಸಿ ದಾದಾಪೀರ್," ಅಂದರು ಪ್ರಭಾಮಣಿ ಮೇಡಂ,
"ಏನ್ಮಾಡೋದು, ಹೊಸದಕ್ಕೆ ಗ್ರಾಂಟಿಲ್ಲ."

ಬಿಚ್ಚಿದೆ.
ನವರಂಗದ ಪುಟದಲ್ಲೊಂದು ಇಂಬಳ,
ಒಣಗಿ ಕಪ್ಪು ದಾರದ ತುಂಡಾಗಿತ್ತು; ಸುತ್ತ ಕಂದು ಕಲೆ, ಯಾರದೋ ರಕ್ತ.
ಮಂಗಟ್ಟೆಯ ಕೊಕ್ಕಿನ ಮೇಲೆ ಚಹಾ ಲೋಟದ ಉಂಗುರ.
ಬೆಳ್ಳಕ್ಕಿಗಳ ಹಾಳೆ ನೆಂದು ಉಬ್ಬಿತ್ತು,
ಪಕ್ಕದಲ್ಲಿ ಪೆನ್ಸಿಲ್ಲು: ಮಂಡಗದ್ದೆ. ಎಣಿಸಲಾಗಲಿಲ್ಲ.
ರಣಹದ್ದಿನ ಪುಟ ಮಾತ್ರ ಇಸ್ತ್ರಿ ಹಾಕಿದಷ್ಟು ಹೊಸತು.
ಹುಡುಕಿ ಹೋದವರಿಗೆ ಸಿಕ್ಕಿರಲಿಲ್ಲವೇನೋ.

ಓದುವುದು ನನ್ನ ಕೆಲಸವಲ್ಲ,
ಪುಟಸಂಖ್ಯೆ ಸರಿಯಾಗಿದ್ದರೆ ಸಾಕು.
ನೂರಾ ಹನ್ನೆರಡು, ನೂರಾ ಹದಿಮೂರು,
ನೂರಾ ಹದಿನಾಲ್ಕರಲ್ಲಿ ಸಿಂಪಿಗ.
ಹೆಬ್ಬೆರಳಷ್ಟು ಹಕ್ಕಿ. ಎಲೆಗೆ ಎಲೆ ಸೇರಿಸಿ ಹೊಲಿಯುತ್ತದಂತೆ.
ಸೂಜಿ ಕೆಳಗಿಟ್ಟೆ.
ಚಿತ್ರದಲ್ಲಿ ಹೊಲಿಗೆ ಒಂದೇ ದಾರದಲ್ಲಿ ಓಡಿತ್ತು,
ಮಿಷಿನ್ನಿನಲ್ಲಿ ಹೊಡೆದ ಹಾಗೆ, ಮೇಲಿಂದ ಕೆಳಗೆ.
ನನಗೆ ನಂಬಿಕೆ ಬರಲಿಲ್ಲ.
ಗಂಟು ಎಲ್ಲಿ? ದಾರದ ಇನ್ನೊಂದು ತುದಿ ಹಿಡಿಯುವವರು ಯಾರು?

ಹದಿನೈದು ದಿನ ಕತ್ತು ಬಾಗಿಸಿ ತಿರುಗಿದೆ.
ಟುವ್ವಿ ಟುವ್ವಿ ಅನ್ನುವ ಆ ಸದ್ದನ್ನು
ಇಷ್ಟು ವರ್ಷ ಯಾರದೋ ಸೈಕಲ್ ಚೈನು ಅಂದುಕೊಂಡಿದ್ದೆ.
ಕಡೆಗೆ ಸಿಕ್ಕಿತು, ತುಂಗೆಯ ದಡದ ಪಂಪ್‌ಹೌಸ್ ಹಿಂದೆ,
ತೇಗದ ಸಸಿಯಲ್ಲಿ, ಮರಿಗಳು ಹಾರಿಹೋದ ಖಾಲಿ ಗೂಡು.
ಮುಟ್ಟದೆ, ಕನ್ನಡಕ ಒರೆಸಿ ಒರೆಸಿ ನೋಡಿದೆ:
ಒಂದೊಂದು ತೂತಿಗೂ ಒಂದೊಂದು ಎಳೆ, ಬೇರೆ ಬೇರೆ.
ಹೊರಬಂದ ತುದಿ ಹತ್ತಿಯಂತೆ ಅರಳಿ
ತಾನೇ ಗಂಟಾಗಿತ್ತು.
ಒಂದು ಬಿಟ್ಟರೂ ಉಳಿದವು ಹಿಡಿಯುತ್ತವೆ.
ನಮ್ಮ ಉಸ್ತಾದರಿಗೂ ಗೊತ್ತಿರದ ಹೊಲಿಗೆ!

ಅವತ್ತು ರಾತ್ರಿ, ಜೀವಮಾನದಲ್ಲಿ ಮೊದಲ ಸಲ,
ಬೇರೆಯವರ ಪುಸ್ತಕದಲ್ಲಿ ಬರೆದೆ. ಅಂಚಿನಲ್ಲಿ, ಸಣ್ಣಕ್ಕೆ:
ಹೊಲಿಗೆ ಹೀಗಲ್ಲ. ಒಂದೊಂದೂ ಬೇರೆ. ಪಂಪ್‌ಹೌಸ್ ಹಿಂದೆ ನೋಡಿ.
ಹೆಸರು ಹಾಕಲಿಲ್ಲ.

ಎರಡು ಮಳೆಗಾಲ ಕಳೆದು ಮತ್ತೆ ಅದೇ ಪುಸ್ತಕ,
ಗೋಣಿಚೀಲದ ಮೇಲ್ಗಡೆಯೇ.
"ನಿಮ್ಮ ಬೈಂಡಿಂಗ್ ಇಷ್ಟೇನಾ?" ಅಂತ ಮೇಡಂ ಬೈದರು.
ಬೈಯಲಿ. ನೇರ ನೂರಾ ಹದಿನಾಲ್ಕು ತೆಗೆದೆ.
ನನ್ನ ಸಾಲಿನ ಕೆಳಗೆ ನೀಲಿ ಶಾಯಿ, ದುಂಡಕ್ಷರ:
ಹೌದು. ಆದರೆ ಆ ಗಿಡ ಕಡಿದರು.
ಈಗ ನಮ್ಮ ಹಾಸ್ಟೆಲ್ಲಿನ ಬದನೆ ಗಿಡದಲ್ಲಿದೆ.
ಅದರ ಕೆಳಗೆ ಇನ್ಯಾರೋ: ಎಷ್ಟು ಮೊಟ್ಟೆ?
ಅದರ ಕೆಳಗೆ: ಮೂರು.

ಹೊಲಿದೆ, ಅಂಟು ಬಳಿದೆ, ಒತ್ತಿಗೆ ಇಟ್ಟೆ.
ಇನ್ನು ಮೂರು ಬದಿಯೂ ಕಾಲಿಂಚು ಕತ್ತರಿಸಬೇಕು,
ಕಸುಬಿನ ನಿಯಮ ಅದು.
ಯಂತ್ರದ ಹಿಡಿಕೆಯ ಮೇಲೆ ಕೈಯಿಟ್ಟು ತುಸು ಹೊತ್ತು ನಿಂತೆ.

ಒರಟು ಅಂಚಿನಲ್ಲೇ ಕೊಟ್ಟುಬಂದೆ.
ಕತ್ತರಿಸದ್ದಕ್ಕೆ
ಬಿಲ್ಲಿನಲ್ಲಿ ಐದು ರೂಪಾಯಿ ಕಡಿಮೆ ಬರೆದು.